ಬಿಟ್ಟು ಬಿಟ್ಟು ಬರುವ ನೋವು

ಪುಟ್ಟಿ, ನಿನ್ನೆ ಫೋನಿನಲ್ಲಿ ನೀನು ತಡವರಿಸುತ್ತಾ ಕೇಳಿದೆಯಲ್ಲ, "ದೊಡ್ಡಮ್ಮ, ಹಿಪ್ನೋಬರ್ತಿಂಗ್ ಅಂತ ಒಂದು ಕ್ಲಾಸಿದೆ, ಸೇರಲಾ? ನಗಬಾರದು ಮತ್ತೆ" ಅಂತ. ಮೂವತ್ತು ವರ್ಷ ಲೇಬರ್ ವಾರ್ಡಿನಲ್ಲಿ ನಿಂತವಳಿಗೆ ಈ ವಿಷಯದಲ್ಲಿ ನಗು ಎಲ್ಲಿಂದ ಬಂದೀತು? ಬಂದರೆ ನಾಚಿಕೆ ಬರಬೇಕು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಸ್ಟಾಫ್ ನರ್ಸ್ ಆಗಿ ಸೇರಿದ ಹೊಸದರಲ್ಲಿ, ನೋವಿಗೆ ಕೂಗಿಕೊಳ್ಳುವವರನ್ನು ನಾನು ಗದರಿಸುತ್ತಿದ್ದೆ. ಸುತ್ತಲಿದ್ದವರು ಗದರಿಸುತ್ತಿದ್ದರು, ನಾನೂ ಕಲಿತೆ. ಗದರಿದರೆ ಹುಡುಗಿ ಸುಮ್ಮನಾಗುತ್ತಿದ್ದಳು, ಆದರೆ ಮುಷ್ಟಿ ಬಿಗಿ, ಹಲ್ಲು ಬಿಗಿ, ತೊಡೆ ಬಿಗಿ. ಒಂದು ರಾತ್ರಿ ಹಳ್ಳಿಯಿಂದ ಮುದುಕಿಯೊಬ್ಬಳು ಸೊಸೆಯ ಜೊತೆ ಬಂದಳು. ಪ್ರತಿ ಸಲ ನೋವು ಇಳಿಯುತ್ತಿದ್ದಂತೆ ಸೊಸೆಯ ಹಣೆಯ ಮೇಲೆ ಕೈಯಿಟ್ಟು, "ಹೋಯ್ತು ಮಗ, ಹೋಯ್ತು, ಈಗ ಮೈ ಬಿಡು" ಎನ್ನುವಳು. ಅದೇ ಮಾತು, ಅದೇ ದನಿ, ಬೆಳಗಿನ ಜಾವದವರೆಗೆ. ಆ ಹುಡುಗಿ ಎರಡು ನೋವುಗಳ ನಡುವೆ ತೂಕಡಿಸುತ್ತಿದ್ದಳು! ನಾನು ಕಣ್ಣಾರೆ ಕಂಡ ಮೊದಲ ಹಿಪ್ನಾಸಿಸ್ ಅದು. ಹೆಸರು ಮಾತ್ರ ಆಗ ತಿಳಿದಿರಲಿಲ್ಲ.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದೂ ಅಲ್ಲ. ಕ್ಲೋರೋಫಾರ್ಮ್ ಬಳಕೆಗೆ ಬರುವ ಮೊದಲು, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟಿಷ್ ಸರ್ಜನ್ ರೋಗಿಗಳನ್ನು ಹಿಪ್ನಾಸಿಸ್ಸಿನ ಹಳೆಯ ರೂಪವಾದ ಮೆಸ್ಮರಿಸಂನಿಂದ ಮಂಪರಿಗೆ ಇಳಿಸಿ ಆಪರೇಷನ್ ಮಾಡತೊಡಗಿದ್ದ. ಹೆರಿಗೆಯ ಮಟ್ಟಿಗೆ ಹೇಳುವುದಾದರೆ ಗ್ರಾಂಟ್ಲಿ ಡಿಕ್-ರೀಡ್ ಎಂಬ ಇಂಗ್ಲಿಷ್ ವೈದ್ಯನನ್ನು ನೆನೆಯಬೇಕು. 1933ರಲ್ಲಿ ಬಂದ ಅವನ ಪುಸ್ತಕದಿಂದ ಶುರುವಾದ ವಾದ ಇದು: ಹೆದರಿದರೆ ಮೈ ಬಿಗಿಯುತ್ತದೆ, ಮೈ ಬಿಗಿದರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಮತ್ತೆ ಹೆದರಿಕೆ. ಗಾಣದೆತ್ತಿನ ಸುತ್ತು. ಈಗಿನ ಕ್ಲಾಸುಗಳೆಲ್ಲ ಅದೇ ಬೇರಿನಿಂದ ಚಿಗುರಿದವು.

ಆ ಮುದುಕಿ ಸುತ್ತನ್ನು ಎಲ್ಲಿ ಮುರಿದಳು ಗೊತ್ತೇ? ನೋವು ಬಿಟ್ಟಿರುವ ಹೊತ್ತಿನಲ್ಲಿ. ಹೆರಿಗೆ ನೋವು "ಬಿಟ್ಟು ಬಿಟ್ಟು" ಬರುತ್ತದೆ ಎನ್ನುತ್ತೇವಲ್ಲ, ಲೆಕ್ಕ ಹಾಕಿ ನೋಡು. ನೋವು ಜೋರಾದ ಮೇಲೆ 10 ನಿಮಿಷಕ್ಕೆ 3-4 ಸಲ ಬರುತ್ತದೆ, ಒಂದೊಂದೂ ಹೆಚ್ಚುಕಡಿಮೆ 1 ನಿಮಿಷ. 4 ಸಲ ಎಂದೇ ಹಿಡಿ, ಇನ್ನು 6 ನಿಮಿಷ ಉಳಿಯಿತು. ಬಹಳ ಹೆಂಗಸರು ಆ 6 ನಿಮಿಷವನ್ನೂ ಮುಂದಿನ ನೋವಿಗೆ ಕಾಯುತ್ತಲೇ ಕಳೆಯುತ್ತಾರೆ. ಕ್ಲಾಸಿನಲ್ಲಿ ಏನೇನು ಹೇಳಿಕೊಟ್ಟರೂ ನೀನು ಕಲಿತು ಬರಬೇಕಾದ್ದು ಈ 6 ನಿಮಿಷ.

ನಿನಗಿನ್ನೂ ಏಳು ತಿಂಗಳು, ಕಾಲವಿದೆ. ರಾತ್ರಿ ಎಡಮಗ್ಗುಲಾಗಿ ಮಲಗು, ಮೊಣಕಾಲ ನಡುವೆ ದಿಂಬು ಇರಲಿ. 4 ಎಣಿಸುತ್ತಾ ಉಸಿರೆಳೆದು, 7ರವರೆಗೆ ಎಣಿಸುತ್ತಾ ಬಿಡು. ಪ್ರತಿ ಸಲ ಬಿಡುವಾಗ ಒಂದೊಂದು ಕಡೆ ಸಡಿಲವಾಗಲಿ, ಹುಬ್ಬು, ಭುಜ, ಬೆರಳು, ಸೊಂಟ. ದವಡೆಯನ್ನಂತೂ ಮರೆಯಬೇಡ, ನಮಗೆ ಗೊತ್ತಿಲ್ಲದಂತೆ ಬಿಗಿಯುವುದು ಅದೇ. ಆಮೇಲೆ ಚಿಕ್ಕವಳಿದ್ದಾಗ ಇಲ್ಲಿ ತುಂಗೆಯ ಮೆಟ್ಟಿಲ ಮೇಲೆ ನೀರಿಗೆ ಕಾಲು ಇಳಿಬಿಟ್ಟು ಕೂರುತ್ತಿದ್ದೆಯಲ್ಲ, ಅಲ್ಲಿಗೆ ಹೋಗು. ಮೀನು ಬೆರಳು ಕಚ್ಚಿದ್ದು, ಪಾಚಿಯ ವಾಸನೆ, ಎಲ್ಲ ನೆನೆ. ಕೈಯನ್ನು ಆ ತಣ್ಣೀರಿನಲ್ಲಿ ಅದ್ದಿದ್ದೀಯ, ಜೋಮು ಹಿಡಿಯುತ್ತಿದೆ ಎಂದುಕೋ. ಆ ಜೋಮುಗೈಯನ್ನು ಸೊಂಟದ ಮೇಲಿಟ್ಟು ಜೋಮನ್ನು ಅಲ್ಲಿಗೆ ಇಳಿಸು. ಹಿಪ್ನೋಥೆರಪಿಯವರ ಹಳೆಯ ಪಟ್ಟು ಇದು. ಮೊದಲ ವಾರ ಏನೂ ಆಗದು, ಬರೀ ನಿದ್ದೆ. ಬರಲಿ ಬಿಡು. ಅಭ್ಯಾಸ ಹತ್ತಿದೆಯೋ ಇಲ್ಲವೋ ನೋಡಬೇಕಾದರೆ ಐಸ್ ತುಂಡೊಂದನ್ನು 1 ನಿಮಿಷ ಅಂಗೈಯಲ್ಲಿ ಹಿಡಿ, ಒಮ್ಮೆ ಸುಮ್ಮನೆ, ಇನ್ನೊಮ್ಮೆ ಈ ಉಸಿರಿನೊಂದಿಗೆ.

ಅಳಿಯನೂ ಪಕ್ಕದಲ್ಲಿರಲಿ. ಮೈ ಸಡಿಲವಾದಾಗ ನಿನ್ನ ಭುಜದ ಮೇಲೆ ಕೈಯಿಟ್ಟು ದಿನವೂ ಒಂದೇ ಮಾತು ಹೇಳಲಿ. ಆ ಕೈಗೆ ನಿನ್ನ ಮೈ ಒಗ್ಗಿಕೊಳ್ಳುತ್ತದೆ. ಲೇಬರ್ ವಾರ್ಡಿನೊಳಗೆ ಯಾರನ್ನು ಬಿಡುತ್ತಾರೆಂದು ಈಗಲೇ ಕೇಳಿಟ್ಟುಕೋ. ಗಂಡಸರಿಗೆ ಪ್ರವೇಶವಿಲ್ಲವೆಂದರೆ ನಿನ್ನಮ್ಮನಿಗೆ ಕಲಿಸು.

ನೋವು ಎನ್ನಲೇಬಾರದು, ಅಲೆ ಎನ್ನಬೇಕು ಎಂದು ಕ್ಲಾಸಿನವರು ಹೇಳಿಯಾರು. ನಮ್ಮಲ್ಲಿ ಹೆರಿಗೆಯನ್ನು ಕೇಳುವುದೇ "ನೋವು ಶುರುವಾಯ್ತಾ?" ಎಂದು. ಆ ಪದವನ್ನು ಓಡಿಸುವ ಗೋಜಿಗೆ ಹೋಗಬೇಡ. ನೋವೇ ಇಲ್ಲದ ಹೆರಿಗೆ ಮಾಡಿಸುತ್ತೇವೆ ಎಂದರೆ ಮಾತ್ರ ಎದ್ದು ಬಾ. ಇಂಗ್ಲೆಂಡಿನಲ್ಲಿ 680 ಚೊಚ್ಚಲ ಬಸುರಿಯರ ಮೇಲೆ ನಡೆಸಿದ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಸ್ವಯಂ ಸಂಮೋಹನ, ಅಂದರೆ ಸೆಲ್ಫ್ ಹಿಪ್ನಾಸಿಸ್, ಕಲಿತವರಿಗೂ ಕಲಿಯದವರಿಗೂ ನಡುವೆ, ನೋವು ತಗ್ಗಿಸುವ ಎಪಿಡ್ಯೂರಲ್ ಇಂಜೆಕ್ಷನ್ ತೆಗೆದುಕೊಂಡವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಕಲಿತವರು, ಹೆರಿಗೆಯಲ್ಲಿ ಮೊದಲು ಅಂದುಕೊಂಡಷ್ಟು ಹೆದರಿಕೆಯಾಗಲಿಲ್ಲ ಎಂದರು. ನನಗೆ ಅಷ್ಟು ಸಾಕು. ತಡೆಯಲಾರೆ ಎನಿಸಿದಾಗ ಇಂಜೆಕ್ಷನ್ ಕೇಳು, ಸಿಸೇರಿಯನ್ ಬೇಕೆಂದರೆ ಮಾಡಿಸಿಕೋ. ಥಿಯೇಟರಿನ ಮೇಜಿನ ಮೇಲೂ ಇದೇ ಉಸಿರು ಕೆಲಸಕ್ಕೆ ಬರುತ್ತದೆ. ರಕ್ತ ಕಂಡರೆ, ನೀರು ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ಉಸಿರು ಎಣಿಸುತ್ತಾ ಕೂರಬೇಡ, ಆಸ್ಪತ್ರೆಗೆ ಹೊರಡು.

ಕಡೆಯದಾಗಿ, ಫೋನಿನಲ್ಲಿ ಯಾರೋ ಅಮೆರಿಕದ ಹೆಂಗಸಿನ ದನಿ ಕೇಳುತ್ತಿದ್ದೀಯಂತೆ. ಇಂಪಾಗಿರಬಹುದು. ಆದರೆ ನೀನು ನಿದ್ದೆಹೋಗುವುದನ್ನು ಕಲಿತದ್ದು ಇಂಗ್ಲಿಷಿನಲ್ಲಿ ಅಲ್ಲವಲ್ಲ. ನಿನ್ನಮ್ಮ, ನಾನು ಇಬ್ಬರೂ ಕೂತು 20 ನಿಮಿಷ ನಮ್ಮ ಮಾತಿನಲ್ಲೇ ರೆಕಾರ್ಡ್ ಮಾಡಿದ್ದೇವೆ, ಸಂಜೆ ಕಳಿಸುತ್ತೇನೆ. ಗಾಡಿ ಓಡಿಸುವಾಗ ಹಾಕಿಕೊಳ್ಳಬೇಡ. ನಡುವೆ ಒಂದು ಕಡೆ ಕುಕ್ಕರ್ ಕೂಗಿದೆ, ನಿನ್ನಮ್ಮ "ಅಯ್ಯೋ ಬೇಳೆ" ಎಂದು ಎದ್ದು ಹೋಗಿದ್ದಾಳೆ. ಅಳಿಸೋಣ ಎಂದಳು, ನಾನೇ ಬೇಡವೆಂದೆ.