ಶರದೃತುವಿನ ಸೂರಕ್ಕಿ

ಶರದೃತುವನ್ನು ವರ್ಣಿಸುವ ಕವಿಗಳು ತಿಳಿಗೊಳವನ್ನೂ ಬೆಳ್ದಿಂಗಳನ್ನೂ ಹಂಸವನ್ನೂ ಮರೆಯುವುದಿಲ್ಲ. ಹಿತ್ತಿಲ ದಾಸವಾಳದಲ್ಲಿ ಜೋಲುವ ಸೂರಕ್ಕಿಗೆ ಆ ವರ್ಣನೆಯಲ್ಲಿ ಎಡೆ ದೊರೆಯುವುದು ವಿರಳ. ಕಾರಣವಿಲ್ಲದಿಲ್ಲ, ಆಗ ಅದು ತನ್ನ ರಾಜವೇಷವನ್ನು ಕಳಚಿರುತ್ತದೆ. ಬೇಸಗೆಯಲ್ಲಿ ಕಂಡ ಕರಿನೀಲಿ ಹಕ್ಕಿ ಊರು ಬಿಟ್ಟಿತೆಂದು ವಿದ್ಯಾರ್ಥಿಗಳು ಹೇಳುವುದುಂಟು. ಅದು ಬಿಟ್ಟು ಹೋದುದಲ್ಲ. ಮುಂಜಾನೆ ಪೂಜೆಗೆ ಹೂವೆತ್ತುವವರ ಕಣ್ಣೆದುರಿಗೇ ಇದ್ದು, ಗುರುತು ಸಿಕ್ಕದಂತಾಗಿದೆ, ಅಷ್ಟೆ.

ಇಲ್ಲಿ ಹೇಳುತ್ತಿರುವುದು ಊದಾ ಸೂರಕ್ಕಿಯ ವಿಷಯ. ಆಂಗ್ಲ ಪಕ್ಷಿತಜ್ಞ ಲೇಥಮನು 1790ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಇಂದಿನ ಶಾಸ್ತ್ರನಾಮ ಸಿನ್ನಿರಿಸ್ ಏಷಿಯಾಟಿಕಸ್. ಉದ್ದ ಸುಮಾರು 10 ಸೆಂಟಿಮೀಟರು. ಕೊಕ್ಕು ತೆಳುವಾಗಿ ಕೆಳಕ್ಕೆ ಬಾಗಿದೆ. ಸಂತಾನಕಾಲದಲ್ಲಿ ಗಂಡು ನೆರಳಿನಲ್ಲಿ ಕಾಡಿಗೆಯಂತೆ ಕಪ್ಪು, ಬಿಸಿಲಿಗೆ ಬಂದೊಡನೆ ನೀಲ, ನೇರಳೆ. ಈ ಹೊಳಪು ಬರಿಯ ವರ್ಣದ್ರವ್ಯದಿಂದಲ್ಲ, ಗರಿಯ ಸೂಕ್ಷ್ಮ ರಚನೆಯಿಂದ ಹುಟ್ಟುವುದು. ಮರಿಗಳು ಹಾರಿಹೋದ ಬಳಿಕ ಗಂಡು ಆ ಗರಿಗಳನ್ನು ಉದುರಿಸಿ, ಸುಮಾರು ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಹೆಣ್ಣಿನಂತೆ ಬೆನ್ನಿನಲ್ಲಿ ಮಾಸಿದ ಹಸುರುಗಂದು, ಒಡಲಿನಲ್ಲಿ ಹಳದಿ ತಾಳುತ್ತದೆ.

ಹಾಗಾದರೆ ಗಂಡೆಂದು ತಿಳಿಯುವುದೆಂತು? ಕೊರಳನ್ನು ನೋಡಬೇಕು. ಗದ್ದದಿಂದ ಹೊಟ್ಟೆಯವರೆಗೆ ನಟ್ಟನಡುವೆ ಶಾಯಿಯಿಂದ ಎಳೆದಂತಹ ಕರಿಪಟ್ಟೆಯೊಂದು ಇಳಿದಿರುತ್ತದೆ. ಹೆಣ್ಣಿಗೆ ಈ ಪಟ್ಟೆಯಿಲ್ಲ. ಪ್ರಾಯಕ್ಕೆ ಬರುತ್ತಿರುವ ಎಳೆಯ ಗಂಡಿನಲ್ಲಿಯೂ ಇಂತಹ ಪಟ್ಟೆ ತೋರುವುದುಂಟು. ಆದುದರಿಂದ ರೆಕ್ಕೆಯ ಮೇಲ್ಭಾಗದಲ್ಲಿ ಉಳಿದ ನೀಲದ ಹೊಳಪನ್ನೂ ಕಂಡ ಮೇಲೆ ಬೆಳೆದ ಗಂಡೆಂದು ನಿರ್ಣಯಿಸುವುದು ಲೇಸು. ನಮ್ಮ ತೋಟಗಳಲ್ಲಿಯೇ ಇರುವ ಇನ್ನೊಂದು ಸೂರಕ್ಕಿ, ಸೊಂಟದಲ್ಲಿ ನೇರಳೆ ಬಣ್ಣವುಳ್ಳದ್ದು, ಹೀಗೆ ವೇಷ ಬದಲಿಸುವುದಿಲ್ಲ. ಅದರ ಹೆಣ್ಣಿನ ಕೊರಳು ಬೂದುಬಿಳುಪು. ಊದಾ ಸೂರಕ್ಕಿಯ ಹೆಣ್ಣಿನ ಕೊರಳು ಹಳದಿ.

ವೇಷ ಮಾಸಿದರೂ ವೃತ್ತಿ ಮಾಸಿಲ್ಲ. ನಳಿಗೆಯಂತಹ ನಾಲಗೆಯಿಂದ ಮಕರಂದವನ್ನು ಹೀರುವುದು, ಕೀಟ ಜೇಡಗಳನ್ನು ಹೆಕ್ಕುವುದು ಎಂದಿನಂತೆಯೇ ನಡೆದಿರುತ್ತದೆ. ಹೂವಿನ ಕೊಳವೆ ನೀಳವಾಗಿದ್ದರೆ ಬುಡವನ್ನೇ ಚುಚ್ಚಿ ಕದಿಯುವ ಜಾಣತನವೂ ಉಂಟು. ಪರಾಗಸ್ಪರ್ಶದ ಋಣ ಆಗ ಸಲ್ಲುವುದಿಲ್ಲವೆನ್ನಿ. ಮಾವಿನ ಮರದ ಬಂದಳಿಕೆಗೆ ಮಾತ್ರ ಅದು ಒಳ್ಳೆಯ ನೆಂಟ. ಬೇಸಗೆಯ ನಿಡಿದಾದ ಗಾನ ಈಗ ಅಪರೂಪ. ಎಲೆಮರೆಯಿಂದ ಚ್ವಿಟ್ ಚ್ವಿಟ್ ಎಂಬ ತುಂಡುದನಿಯನ್ನು ಕೇಳಿಯೇ ಕತ್ತೆತ್ತಬೇಕು.

ಚಳಿಗಾಲದ ಕೊನೆಗೆ ಹಳದಿಯ ನಡುವೆ ಅಲ್ಲಲ್ಲಿ ನೀಲದ ತೇಪೆಗಳು ಮೂಡತೊಡಗುತ್ತವೆ. ಪೂರ್ಣವೇಷಕ್ಕಿಂತಲೂ ಈ ಅರೆವೇಷವೇ ನನಗೆ ಹೆಚ್ಚು ಪ್ರಿಯ. ಅದನ್ನು ಕಾಣಬೇಕೆಂಬ ವಿದ್ಯಾರ್ಥಿಯು ಹೂಗಿಡದಿಂದ ಹತ್ತು ಹೆಜ್ಜೆ ಹಿಂದೆ, ಬಿಸಿಲಿಗೆ ಬೆನ್ನು ಮಾಡಿ, ಸದ್ದಿಲ್ಲದೆ ನಿಲ್ಲತಕ್ಕದ್ದು.