ತಲೆಗೆ ಪೆಟ್ಟಾದ ನಂತರದ ನಡುಕವೂ ವಿದ್ಯುಚ್ಚಿಕಿತ್ಸೆಯೂ



ಮನೆಯ ಯಜಮಾನನು ಮೋಟಾರು ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡನು. ಆಸ್ಪತ್ರೆಯಲ್ಲಿ ಕೆಲವು ದಿನವಿದ್ದು ಜೀವ ಉಳಿಸಿಕೊಂಡು ಮನೆಗೆ ಬಂದನು ಎಂದು ಭಾವಿಸಿರಿ. ಊರವರು ಬಂದು ಮಾತನಾಡಿಸಿ ಹೋದರು, ಹೊಲಿಗೆಯನ್ನೂ ಬಿಚ್ಚಿಯಾಯಿತು. ಒಂದೆರಡು ತಿಂಗಳ ತರುವಾಯ ಚಹದ ಕಪ್ಪನ್ನು ತುಟಿಗೆ ಒಯ್ಯುವಾಗ ಅವನ ಬಲಗೈ ನಡುಗತೊಡಗುತ್ತದೆ. ಮೊದಲು ಕಪ್ಪು ಬಸಿಯ ಮೇಲೆ ಸದ್ದು ಮಾಡುತ್ತದೆ. ಕೆಲವು ದಿನಗಳಲ್ಲಿ ಚಹವೇ ಅಂಗಿಯ ಮೇಲೆ ಚೆಲ್ಲುತ್ತದೆ. ನಾಲ್ಕು ಜನರ ಪಂಕ್ತಿಯಲ್ಲಿ ಊಟಕ್ಕೆ ಕುಳಿತುಕೊಳ್ಳಲು ಅವನು ನಾಚುತ್ತಾನೆ. ಇಂಥ ಸಮಯದಲ್ಲಿಯೇ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೆಂಡತಿ ಬಂದು ಕೇಳುವುದು: "ಸಾಹೇಬ್ರ, ಕರೆಂಟ್ ಕೊಡಿಸಿದ್ರ ನಡಗೂದು ನಿಂದರತೈತಿ ಅಂತಾರ. ಕೊಡಸೋಣೇನ್ರಿ?"

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಶಬ್ದದ ಉತ್ತರವಿಲ್ಲ. ಏಕೆಂದರೆ ಜನರು ಕರೆಂಟ್ ಎಂದು ಕರೆಯುವುದು ಒಂದೇ ಚಿಕಿತ್ಸೆಯನ್ನಲ್ಲ.

ಮೊದಲು ನಡುಕದ ಮೂಲವನ್ನು ತಿಳಿಯೋಣ. ಕೈಕಾಲುಗಳ ಚಲನೆಯನ್ನು ಅಳತೆಗೆ ತಕ್ಕಂತೆ ನಡೆಸುವುದು ಮೆದುಳಿನ ಕೆಲಸ. ಹಿಂಭಾಗದ ಚಿಕ್ಕಮೆದುಳು ಹಾಗೂ ಮೆದುಳಿನ ಆಳದಲ್ಲಿರುವ ಕೆಲವು ನರಕೇಂದ್ರಗಳು ಇದನ್ನು ನೋಡಿಕೊಳ್ಳುತ್ತವೆ. ಜೋರಾದ ಪೆಟ್ಟು ಬಿದ್ದಾಗ ಇವುಗಳನ್ನು ಜೋಡಿಸುವ ತಂತುಗಳು ಜಗ್ಗಿ ಹರಿಯುತ್ತವೆ. ಕೈಯ ಸ್ನಾಯುವಿಗೆ ಏನೂ ಆಗಿರುವುದಿಲ್ಲ. ಅದಕ್ಕೆ ಬರುವ ಅಪ್ಪಣೆ ತಪ್ಪಿರುತ್ತದೆ. ಆದುದರಿಂದ ಕೈಗೆ ಎಣ್ಣೆ ತಿಕ್ಕಿದರೂ ಕರೆಂಟು ಹಾಯಿಸಿದರೂ ಮೂಲದ ದೋಷ ತಿದ್ದುವುದಿಲ್ಲ. ಇನ್ನೊಂದು ಮಾತು: ಪೆಟ್ಟಿನ ಬಳಿಕ ಫಿಟ್ಸ್ ಬಾರದಿರಲೆಂದು ಕೊಡುವ ವಾಲ್ಪ್ರೊಯೇಟ್ ಎಂಬ ಗುಳಿಗೆಯಿಂದಲೂ ಕೆಲವರ ಕೈ ನಡುಗುವುದುಂಟು. ಅಂಥವರಿಗೆ ಬೇಕಾಗಿರುವುದು ಪ್ರಮಾಣದ ಬದಲಾವಣೆ, ಅದೂ ವೈದ್ಯರ ಕೈಯಿಂದ. ತಾವಾಗಿಯೇ ಗುಳಿಗೆ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾದೀತು.

ಇನ್ನು ಕರೆಂಟಿನ ವಿಚಾರ. 18ನೆಯ ಶತಮಾನದಲ್ಲಿ ಇಟಲಿಯ ಗಾಲ್ವಾನಿ ಎಂಬ ವಿದ್ವಾಂಸನು ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಜಿಗಿಯುವುದನ್ನು ತೋರಿಸಿದಂದಿನಿಂದ ವಿದ್ಯುತ್ತಿನ ಮೇಲೆ ಜನರಿಗೆ ವಿಶೇಷ ನಂಬಿಕೆ. ನಂಬಿಕೆಯಲ್ಲಿ ಒಂದಿಷ್ಟು ಸತ್ಯವೂ ಇದೆ. ಪೆಟ್ಟಿನಿಂದ ಪಾದ ಮೇಲೇಳದೆ ನೆಲಕ್ಕೆ ತಾಗುತ್ತಿದ್ದರೆ, ನಡೆಯುವಾಗ ಮೊಣಕಾಲಿನ ಕೆಳಗಿನ ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಪಾದವನ್ನು ಎತ್ತಿಸಬಹುದು. 1961ರಲ್ಲಿ ಅಮೆರಿಕದಲ್ಲಿ ಲಿಬರ್ಸನ್ ಮತ್ತು ಸಂಗಡಿಗರು ವರ್ಣಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಚರ್ಮಕ್ಕೆ ಅಂಟುಪಟ್ಟಿ ಹಚ್ಚಿ ಚಿಮುಚಿಮು ಎನ್ನುವಂತೆ ಕೊಡುವ ಇನ್ನೊಂದು ಪ್ರವಾಹವು ಭುಜದ ಅಥವಾ ಸೊಂಟದ ನೋವನ್ನು ಕೆಲಕಾಲ ತಗ್ಗಿಸಬಲ್ಲದು. ಇವೆರಡನ್ನೂ ಭೌತಚಿಕಿತ್ಸಾ ತಜ್ಞರು ವ್ಯಾಯಾಮದೊಡನೆ ಕೊಡುತ್ತಾರೆ. ವ್ಯಾಯಾಮ ಬಿಟ್ಟು ಬರಿಯ ಕರೆಂಟು ತೆಗೆದುಕೊಳ್ಳುವುದು ಹೊಲಕ್ಕೆ ನೀರು ಹಾಯಿಸಿ ಬೀಜ ಬಿತ್ತದಂತೆ.

ತಲೆಬುರುಡೆಯ ಮೇಲೆ ಒಂದೆರಡು ಮಿಲಿಆಂಪಿಯರಿನ ಅತಿ ಸಣ್ಣ ಪ್ರವಾಹ ಹಾಯಿಸುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ. ಪೆಟ್ಟಿನ ನಂತರದ ನಡುಕಕ್ಕೆ ಇದು ಖಚಿತ ಔಷಧವೆಂದು ಇನ್ನೂ ಸಿದ್ಧವಾಗಿಲ್ಲ. ಕಿವಿಗೆ ಕ್ಲಿಪ್ಪು ಹಾಕುವ ಯಂತ್ರ, ಪಾದ ಇಡುವ ಹಲಗೆ, ಅಯಸ್ಕಾಂತದ ಕಡಗ, ಜಾತ್ರೆಯಲ್ಲಿ ಮಾರುವ ಕರೆಂಟಿನ ಪಟ್ಟಿ, ಇವುಗಳಿಂದ ಈ ನಡುಕ ನಿಂತೀತೆಂದು ನಂಬಲು ಆಧಾರವಿಲ್ಲ. ಆದರೂ "ನಮ್ಮ ಮಾವನಿಗೆ ಗುಣವಾಯಿತು" ಎನ್ನುವವರು ಪ್ರತಿ ಊರಿನಲ್ಲಿಯೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಪೆಟ್ಟಾದ ಮೆದುಳು ಮೊದಲ ಆರು ತಿಂಗಳಲ್ಲಿ ತಾನೇ ಬಹಳಷ್ಟು ಸುಧಾರಿಸಿಕೊಳ್ಳುತ್ತದೆ. ಕೆಲವರ ನಡುಕ ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಆ ಸಮಯದಲ್ಲಿ ಯಾವ ಯಂತ್ರ ಕಟ್ಟಿದ್ದರೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದ ಲೆಕ್ಕ.

ಶಾಕ್ ಚಿಕಿತ್ಸೆ ಎಂಬುದೇ ಬೇರೆ. 1938ರಲ್ಲಿ ರೋಮಿನಲ್ಲಿ ಆರಂಭವಾದ ಅದು ತೀವ್ರ ಮನೋರೋಗಗಳಿಗಾಗಿ ಇರುವುದು. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ಅದನ್ನು ಅರಿವಳಿಕೆ ಕೊಟ್ಟೇ ಮಾಡಬೇಕು. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರೆ "ಅಲ್ಲಿ ಶಾಕ್ ಕೊಡುತ್ತಾರೆ" ಎಂದು ಅಂಜಿ ಮರಳುವವರಿದ್ದಾರೆ. ಅಲ್ಲಿ ನರರೋಗಗಳ ಪರೀಕ್ಷೆಯೂ ನಡೆಯುತ್ತದೆ. ನಡುಕಕ್ಕಾಗಿ ಯಾರೂ ಶಾಕ್ ಕೊಡುವುದಿಲ್ಲ.

ನಿಜವಾಗಿ ನಡುಕವನ್ನು ತಡೆಯಬಲ್ಲ ವಿದ್ಯುತ್ತೊಂದಿದೆ. ಮೆದುಳಿನ ಆಳಕ್ಕೆ ಸಣ್ಣ ತಂತಿಯನ್ನು ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಡುವ ಶಸ್ತ್ರಚಿಕಿತ್ಸೆಯದು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಬೆನಾಬಿಡ್ ಎಂಬ ಶಸ್ತ್ರವೈದ್ಯರು ಇದಕ್ಕೆ ದಾರಿ ತೋರಿದರು. ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗಳಲ್ಲಿ ಇದು ನಡೆಯುತ್ತದೆ. ಆದರೆ ಕಂಪವಾಯುವಿನಲ್ಲಿ ಸಿಗುವಷ್ಟು ನಿಶ್ಚಿತ ಫಲ ಪೆಟ್ಟಿನ ನಡುಕದಲ್ಲಿ ಸಿಗದು, ಖರ್ಚೂ ಲಕ್ಷಗಳದು. ಗುಳಿಗೆಗಳಿಂದ ಆಗದೆ, ಉಣ್ಣಲೂ ಬಾರದಷ್ಟು ನಡುಕ ವರ್ಷ ಮೀರಿ ಉಳಿದವರಿಗಷ್ಟೇ ಆ ಮಾತು. ಮೊದಲಿಗೆ ಪ್ರೊಪ್ರಾನೊಲಾಲ್ ಮುಂತಾದ ಅಗ್ಗದ ಗುಳಿಗೆಗಳನ್ನು ನೋಡುತ್ತೇವೆ. ದಮ್ಮು ಇರುವವರು ಅದನ್ನು ಮೊದಲೇ ಹೇಳಬೇಕು, ಅವರಿಗೆ ಅದು ಸಲ್ಲದು.

ಕಳೆದುಹೋಗುವ ದಿನಗಳು

ನವಲಗುಂದ ತಾಲೂಕಿನ ಒಬ್ಬ ರೈತರು, ವಯಸ್ಸು ಐವತ್ತರ ಮೇಲೆ, ಹೊಟ್ಟಿನ ಬಣವೆಯಿಂದ ಜಾರಿ ಬಿದ್ದರು. ರಕ್ತ ಬರಲಿಲ್ಲ, ಎಚ್ಚರ ತಪ್ಪಲಿಲ್ಲ. ಮರುದಿನವೇ ಕಡಲೆಯ ಹೊಲಕ್ಕೆ ಹೋದರು. ಮೂರು ವಾರಗಳ ಮೇಲೆ ಎಡಗಾಲು ಎಳೆಯತೊಡಗಿತು, ಚಪ್ಪಲಿ ಕಾಲಿನಿಂದ ಕಳಚಿ ಬೀಳತೊಡಗಿತು. ಪಟ್ಟಣದಲ್ಲಿ ಕರೆಂಟು ಕೊಡುವವರೊಬ್ಬರ ಬಳಿ ಇಪ್ಪತ್ತು ದಿನ ಹೋಗಿ ಬಂದರು. ಅದಕ್ಕಾಗಿ ಒಂದು ಎಮ್ಮೆಯನ್ನು ಮಾರಿದ್ದರು. ಕೊನೆಗೆ ಹೆಂಡತಿ ಗಮನಿಸಿದ್ದು ಕಾಲನ್ನಲ್ಲ, ನಿದ್ದೆಯನ್ನು. ಉಣ್ಣುತ್ತ ಉಣ್ಣುತ್ತಲೇ ತೂಕಡಿಸುತ್ತಾರೆ ಎಂದು ಆಕೆ ನನ್ನ ಬಳಿ ಕರೆತಂದರು. ಅದೇ ದಿನ ಹುಬ್ಬಳ್ಳಿಗೆ ಕಳುಹಿಸಿದೆ. ಸ್ಕ್ಯಾನಿನಲ್ಲಿ ತಲೆಬುರುಡೆಯೊಳಗೆ ಹೆಪ್ಪುಗಟ್ಟಿ ಹಳೆಯದಾದ ರಕ್ತ ಮೆದುಳನ್ನು ಒತ್ತುತ್ತಿತ್ತು. ಎರಡು ಚಿಕ್ಕ ರಂಧ್ರ ಕೊರೆದು ಅದನ್ನು ಹೊರತೆಗೆದರು. ಹತ್ತು ದಿನಗಳಲ್ಲಿ ಆ ರೈತರು ತಮ್ಮ ಕಾಲ ಮೇಲೆ ನಡೆದು ಬಸ್ಸು ಹತ್ತಿದರು.

ಕರೆಂಟು ಅವರಿಗೆ ನೇರವಾಗಿ ಕೇಡು ಮಾಡಲಿಲ್ಲ. ಇಪ್ಪತ್ತು ದಿನಗಳನ್ನು ತಿಂದುಹಾಕಿತು. ಇನ್ನು ನಾಲ್ಕು ದಿನ ತಿಂದಿದ್ದರೆ ಮಾತು ಬೇರೆಯಾಗುತ್ತಿತ್ತು. ಆದುದರಿಂದ ತಲೆಗೆ ಪೆಟ್ಟಾದ ದಿನವಾಗಲಿ, ವಾರಗಳ ನಂತರವಾಗಲಿ, ತೂಕಡಿಕೆ, ಮತ್ತೆ ಮತ್ತೆ ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಫಿಟ್ಸ್, ಒಂದು ಬದಿಯ ಬಲಹೀನತೆ ಕಂಡರೆ 108ಕ್ಕೆ ಕರೆ ಮಾಡಿರಿ. ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ, 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ನವಲಗುಂದ ನಾಲ್ಕೂ ಕಡೆಯವರಿಗೆ ದೂರವೇನಲ್ಲ.

ಯಾವ ವಿದ್ಯುಚ್ಚಿಕಿತ್ಸೆಗೂ ಮೊದಲು ಕೆಲವು ಸಂಗತಿಗಳನ್ನು ಬಾಯಿಬಿಟ್ಟು ಹೇಳಲೇಬೇಕು: ಫಿಟ್ಸ್ ಬಂದಿದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಶಸ್ತ್ರಚಿಕಿತ್ಸೆಯಲ್ಲಿ ತಲೆಬುರುಡೆಯ ಎಲುಬಿನ ತುಂಡು ತೆಗೆದಿದ್ದರೆ, ಚರ್ಮಕ್ಕೆ ಸ್ಪರ್ಶಜ್ಞಾನ ಇಲ್ಲದಿದ್ದರೆ. ಸ್ಪರ್ಶ ತಿಳಿಯದ ಕಾಲು ಸುಟ್ಟರೂ ರೋಗಿಗೆ ತಿಳಿಯದು. ಮನೆಯ 230 ವೋಲ್ಟಿನ ತಂತಿಯಿಂದ ಯಾರೋ ತಯಾರಿಸಿಕೊಟ್ಟ ಪೆಟ್ಟಿಗೆಯನ್ನಂತೂ ಮುಟ್ಟಲೇಬೇಡಿರಿ.

ಖರ್ಚಿಲ್ಲದ ಉಪಾಯಗಳು ಹಲವಿವೆ. ಕಪ್ಪಿನ ಬದಲು ಭಾರದ ಲೋಟ, ಅದೂ ಅರ್ಧ ತುಂಬಿದ್ದು. ಉಣ್ಣುವಾಗ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುವುದು. ದಿನವೂ ಮೊರದಲ್ಲಿ ಹೆಸರುಕಾಳು, ಶೇಂಗಾ ಬೇರೆ ಮಾಡುವುದು. ನಡುಕ ಹೆಂಡತಿಗೇ ಬಂದಿದ್ದರೆ ಕಾದ ಹಂಚಿನ ಮುಂದೆ ರೊಟ್ಟಿ ಬಡಿಯಲು ಕೂರಿಸಬೇಡಿರಿ; ಕೆಲವು ತಿಂಗಳು ಯಜಮಾನರೇ ರೊಟ್ಟಿ ಮಾಡಿದರೆ ಮಾನವೇನೂ ಹೋಗದು. ಒಂದು ಗುಟುಕು ಸಾರಾಯಿ ಕುಡಿದರೆ ಕೈ ನಿಲ್ಲುತ್ತದೆಂದು ಕೆಲವರು ಹೇಳುವುದುಂಟು. ಪೆಟ್ಟಾದ ತಲೆಗೆ ಅದು ಫಿಟ್ಸನ್ನೂ ಎರಡನೆಯ ಬೀಳುವಿಕೆಯನ್ನೂ ತರುತ್ತದೆ.

ಕೊನೆಯದಾಗಿ ತಾಯಂದಿರಿಗೆ ಹೇಳಬೇಕಾದುದು. ಫಿಟ್ಸ್‌ಗಾಗಿ ಫೆನಿಟೊಯಿನ್ ಅಥವಾ ಕಾರ್ಬಮಾಜೆಪೀನ್ ಸೇವಿಸುವ ಮಹಿಳೆಯರಲ್ಲಿ ಮಾಲಾ-ಎನ್ ಗುಳಿಗೆಯ ಶಕ್ತಿ ಕುಂದುತ್ತದೆ. ದಿನ ತಪ್ಪದೆ ನುಂಗಿದರೂ ಗರ್ಭ ನಿಲ್ಲಬಹುದು. ಇಂಥವರಿಗೆ ಕಾಪರ್-ಟಿ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಸೂಕ್ತ. ವಾಲ್ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಅಂಗದೋಷ ತರಬಲ್ಲದು. ಆದ್ದರಿಂದ ಮಗು ಬೇಕೆಂದು ನಿಶ್ಚಯಿಸಿದ ದಂಪತಿಗಳು ಗರ್ಭ ನಿಲ್ಲುವ ಮೊದಲೇ ವೈದ್ಯರನ್ನು ಕಂಡು ಗುಳಿಗೆ ಬದಲಿಸಿಕೊಳ್ಳಬೇಕು. ಸೊಂಟದ ನೋವಿಗೆ ಯಂತ್ರದಿಂದ ಶಾಖ ಕೊಡುವವರಿಗೆ, ಕಾಪರ್-ಟಿ ಹಾಕಿಸಿಕೊಂಡಿದ್ದರೆ ಅಥವಾ ಮುಟ್ಟು ನಿಂತಿದ್ದರೆ, ಮೊದಲೇ ತಿಳಿಸಿರಿ. ಹೇಳಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಬನ್ನಿರಿ. ಬರುವಾಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಾಕೀಟುಗಳನ್ನೂ ಆಸ್ಪತ್ರೆಯ ಚೀಟಿಯನ್ನೂ ತಪ್ಪದೆ ತನ್ನಿರಿ.