ಅಂಚಿನ ಮೇಲೆ ಕಣ್ಣಿರಲಿ

ಪುಟ್ಟೀ, ಹೊಸ ವಸ್ತುವೊಂದನ್ನು ಕಂಡುಹಿಡಿದು ಡಿಸ್‌ಪ್ಲೇ ಲೋಕವನ್ನೇ ಬುಡಮೇಲು ಮಾಡುತ್ತೇನೆ ಅಂತ ಹೊರಟಿದ್ದೀಯಂತೆ. ಮಾಡು ತಾಯಿ, ಬೇಡ ಅನ್ನುವವರು ಯಾರು? ನಿನಗೆ ಬುದ್ಧಿಯೂ ಇದೆ, ಹಟವೂ ಇದೆ. ಆದರೆ ಎಲೆಕ್ಟ್ರೋಡಿನ ಗೆರೆ ಎಷ್ಟು ಅಗಲ, ತುದಿಯಲ್ಲಿ ಹೇಗೆ ತಿರುಗುತ್ತದೆ ಅಂತ ಕೇಳಿದರೆ “ಅದೇನು ಮಹಾ ತಾತ, ಸಾಫ್ಟ್‌ವೇರಿನಲ್ಲಿ ಎಳೆದರಾಯಿತು” ಅಂದೆಯಲ್ಲ, ಕಿವಿ ಹಿಂಡಬೇಕು ಅನ್ನಿಸಿದ್ದು ಆಗ. ಎಲ್‌ಸಿಡಿ ಪರದೆ ಇಷ್ಟು ಏಳಿಗೆ ಕಂಡಿದ್ದರಲ್ಲಿ ದೊಡ್ಡ ಪಾಲು ಆ ಗೆರೆಗಳದ್ದು ಕಣಮ್ಮ.

ಕತೆ ಕೇಳು. 1970ರ ಕೊನೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶಾಡ್ಟ್ ಮತ್ತು ಹೆಲ್ಫ್ರಿಶ್ ಅನ್ನುವ ಇಬ್ಬರು, ಎರಡು ಗಾಜಿನ ನಡುವೆ ದ್ರವಸ್ಫಟಿಕವನ್ನು ತಿರುಚಿ ನಿಲ್ಲಿಸುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಮೇಲಿನ ಗಾಜಿಗೊಂದು ಎಲೆಕ್ಟ್ರೋಡು, ಕೆಳಗಿನ ಗಾಜಿಗೊಂದು. ವೋಲ್ಟೇಜು ಕೊಟ್ಟರೆ ಅಣುಗಳು ಎದ್ದು ನಿಲ್ಲುತ್ತವೆ, ತೆಗೆದರೆ ಮಲಗುತ್ತವೆ. ಕೈಗಡಿಯಾರಕ್ಕೂ ಕ್ಯಾಲ್ಕುಲೇಟರಿಗೂ ಅಷ್ಟು ಸಾಕಾಗಿತ್ತು. ಲ್ಯಾಪ್‌ಟಾಪಿಗೆ ಬಂದಾಗ ಪೇಚಾಟ ಶುರುವಾಯಿತು. ಅರ್ಧ ಎದ್ದು ನಿಂತ ಅಣು ಒಂದು ಕಡೆಯಿಂದ ನೋಡಿದರೆ ಉದ್ದ, ಇನ್ನೊಂದು ಕಡೆಯಿಂದ ಗಿಡ್ಡ. ಹಾಗಾಗಿ ಹಳೆಯ ಪರದೆಗಳನ್ನು ಕೆಳಗಿನಿಂದ ನೋಡಿದರೆ ಮುಖ ಕಪ್ಪಿಟ್ಟು, ಕೂದಲು ಬೆಳ್ಳಗಾಗಿ, ಚಿತ್ರ ತಲೆಕೆಳಗಾದಂತೆ ಕಾಣುತ್ತಿತ್ತು.

ಜರ್ಮನಿಯ ಫ್ರೈಬರ್ಗಿನಲ್ಲಿ ಗ್ಯುಂಟರ್ ಬೌರ್ ಮತ್ತು ಸಂಗಡಿಗರು 1990ರ ಹೊತ್ತಿಗೆ ಹಿಡಿದ ದಾರಿಯೇ ಬೇರೆ. ಎರಡೂ ಎಲೆಕ್ಟ್ರೋಡುಗಳನ್ನು ಒಂದೇ ಗಾಜಿನ ಮೇಲೆ ಇಟ್ಟರು, ಎರಡು ಬಾಚಣಿಗೆಗಳನ್ನು ಹಲ್ಲಿನ ಸಂದಿಗೆ ಹಲ್ಲು ಸೇರಿಸಿ ಮಲಗಿಸಿದ ಹಾಗೆ. ಆಗ ವಿದ್ಯುತ್ ಕ್ಷೇತ್ರ ಗಾಜಿಗೆ ಸಮಾನಾಂತರವಾಗಿ ಅಡ್ಡ ಹರಿಯುತ್ತದೆ. ಅಣು ಏಳುವುದಿಲ್ಲ, ಮಲಗಿದಲ್ಲೇ ಹೊರಳುತ್ತದೆ. ಯಾವ ಕಡೆಯಿಂದ ನೋಡಿದರೂ ಬಣ್ಣ ಬಹುಮಟ್ಟಿಗೆ ನಿಲ್ಲುತ್ತದೆ. ಜಪಾನಿನ ಹಿಟಾಚಿಯವರು ಇದನ್ನು ಮಾರುಕಟ್ಟೆಗೆ ತಂದರು. ಐಪಿಎಸ್ ಅಂತ ಮಾನಿಟರ್ ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದಲ್ಲ, ಅದೇ ಇದು. ದ್ರವಸ್ಫಟಿಕ ಅದೇ ಜಾತಿಯದ್ದು, ಗಾಜೂ ಅದೇ. ಗೆರೆ ಜಾಗ ಬದಲಿಸಿತು, ಅಷ್ಟೆ.

ನಿನ್ನ ಅವಸರಕ್ಕೆ ಮದ್ದು ಬೇಕಿದ್ದರೆ ಇಂಥದೊಂದು ಸೆಲ್ಲನ್ನು ಪೋಲರೈಸರ್ ಇರುವ ಮೈಕ್ರೋಸ್ಕೋಪಿನ ಕೆಳಗಿಟ್ಟು ಅರ್ಧ ಗಂಟೆ ಸುಮ್ಮನೆ ನೋಡು. ಫೋಟೋ ತೆಗೆಯಬೇಡ, ನೋಡು. ವೋಲ್ಟೇಜನ್ನು ನಿಧಾನವಾಗಿ ಏರಿಸು. ಮೊದಲು ಎರಡು ಹಲ್ಲುಗಳ ನಡುವಿನ ಸಂದಿ ಬೆಳಗುತ್ತದೆ. ಬೆಳಕು ಅಂಚಿನವರೆಗೆ ಬಂದು ನಿಂತುಬಿಡುತ್ತದೆ. ಹಲ್ಲಿನ ನೆತ್ತಿ ಮಾತ್ರ ಕಪ್ಪಾಗಿಯೇ ಇರುತ್ತದೆ, ಎಷ್ಟು ವೋಲ್ಟೇಜು ಕೊಟ್ಟರೂ. ಏಕೆಂದರೆ ಅಲ್ಲಿ ಕ್ಷೇತ್ರ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಅಣುವನ್ನು ಪಕ್ಕಕ್ಕೆ ಹೊರಳಿಸಲು ಅಲ್ಲಿ ಏನೂ ಇಲ್ಲ. ಪಾರದರ್ಶಕ ಎಲೆಕ್ಟ್ರೋಡು ಹಾಕಿದರೂ ಆ ಜಾಗದ ಬೆಳಕು ದಂಡವೇ.

ಈ ಕಪ್ಪು ಪಟ್ಟಿಯನ್ನು ಎಲ್ಲರೂ ನೋಡಿದ್ದರು. “ಬ್ಯಾಕ್‌ಲೈಟು ಜೋರು ಮಾಡಿದರಾಯಿತು” ಅನ್ನುವುದು ಸುಲಭದ ದಾರಿ. ಕೊರಿಯಾದ ಹ್ಯುಂಡೈ ಎಲೆಕ್ಟ್ರಾನಿಕ್ಸ್‌ನಲ್ಲಿ ಮೂವರು, ಎಸ್.ಎಚ್. ಲೀ, ಎಸ್.ಎಲ್. ಲೀ, ಎಚ್.ವೈ. ಕಿಮ್, ಪಟ್ಟಿಯನ್ನೇ ದುರುಗುಟ್ಟಿ ನೋಡಿದರು. 1998ರಲ್ಲಿ ಅವರ ಪ್ರಬಂಧ ಹೊರಬಂತು. ಒಂದು ಎಲೆಕ್ಟ್ರೋಡನ್ನು ಕೆಳಗೆ ಹಾಸು, ಅದರ ಮೇಲೆ ತೆಳ್ಳನೆ ನಿರೋಧಕ ಪದರ, ಅದರ ಮೇಲೆ ಸಣ್ಣ ಗೆರೆಗಳ ಇನ್ನೊಂದು ಎಲೆಕ್ಟ್ರೋಡು. ಎರಡರ ನಡುವಿನ ದೂರ ಈಗ ಆ ಪದರದಷ್ಟೇ. ಕ್ಷೇತ್ರ ಗೆರೆಯ ಅಂಚಿನಿಂದ ಬಾಗಿ, ಹತ್ತಿರದಲ್ಲೇ ಕೆಳಗಿಳಿಯುತ್ತದೆ. ಅಂಚಿನ ಅಣುಗಳು ಜೋರಾಗಿ ಹೊರಳುತ್ತವೆ. ಗೆರೆ ಸಾಕಷ್ಟು ಕಿರಿದಾಗಿದ್ದರೆ, ಮೂರು ನಾಲ್ಕು ಮೈಕ್ರಾನಿನಷ್ಟು, ನಟ್ಟನಡುವಿನ ಅಣುಗಳನ್ನೂ ಅಕ್ಕಪಕ್ಕದವು ತಮ್ಮ ಜೊತೆ ಎಳೆದುಕೊಂಡು ತಿರುಗಿಸುತ್ತವೆ. ಕಪ್ಪು ನೆತ್ತಿಯೂ ಬೆಳಗಿತು! ಇವತ್ತಿನ ಎಷ್ಟೋ ಫೋನು, ಟ್ಯಾಬ್ಲೆಟ್ಟುಗಳ ಎಲ್‌ಸಿಡಿ ಈ ಎಫ್‌ಎಫ್‌ಎಸ್, ಅಂದರೆ ಫ್ರಿಂಜ್ ಫೀಲ್ಡ್ ಸ್ವಿಚಿಂಗ್, ದಾರಿಯದ್ದೇ. ನನ್ನನ್ನು ಕೇಳಿದರೆ ಡಿಸ್‌ಪ್ಲೇ ವಿದ್ಯೆಯಲ್ಲಿ ಇಷ್ಟು ಅಂದವಾದ ಕೆಲಸ ಇನ್ನೊಂದಿಲ್ಲ.

ಇದರಲ್ಲೂ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಇದೆ. ಎರಡು ಎಲೆಕ್ಟ್ರೋಡು ಒಂದರ ಮೇಲೊಂದು ಕೂತಿದ್ದರಿಂದ ಅವೇ ಕೆಪ್ಯಾಸಿಟರ್ ಆದವು, ಬೇರೆಯದು ಬೇಡವಾಯಿತು, ಜಾಗ ಉಳಿಯಿತು. ಅದೇ ಕೆಪ್ಯಾಸಿಟರ್ ದೊಡ್ಡ ಟಿವಿಯಲ್ಲಿ ಹೊರೆ, ತುಂಬಿಸುವಷ್ಟರಲ್ಲಿ ಟ್ರಾನ್ಸಿಸ್ಟರ್ ಸುಸ್ತು. ಎಲೆಕ್ಟ್ರೋಡು ಮೇಲೆ ಒಂದು ಬಗೆ, ಕೆಳಗೆ ಒಂದು ಬಗೆ ಇರುವುದರಿಂದ ಅಲ್ಪಸ್ವಲ್ಪ ಡಿಸಿ ಉಳಿದುಕೊಂಡು ಹಳೆಯ ಚಿತ್ರದ ನೆರಳು ಪರದೆಗೆ ಅಂಟುತ್ತದೆ. ಲಾಭದ ಕಾಲಂ ಮಾತ್ರ ತುಂಬಿಸಿ ಸ್ಲೈಡು ಮಾಡುವ ಚಟ ನಿನಗಿದೆ, ಗೊತ್ತು ನನಗೆ.

ಇನ್ನು ತುದಿಗಳ ವಿಷಯ. ನೀನು ಎಳೆದ ಪಿಕ್ಸೆಲ್ ನೋಡಿದೆ. ಗೆರೆಗಳೆಲ್ಲ ನೆಟ್ಟಗೆ, ತುದಿ ಚೌಕ. ಓದಿದ ಹುಡುಗಿ, ಅಚ್ಚುಕಟ್ಟು ಇಷ್ಟ. ಆದರೆ ಅಣುವಿಗೆ ಎಡಕ್ಕೆ ಹೊರಳಲೋ ಬಲಕ್ಕೋ ಅಂತ ಯಾರಾದರೂ ಹೇಳಬೇಕಲ್ಲ? ಗೆರೆಯನ್ನು ಕೆಲವೇ ಡಿಗ್ರಿ ಓರೆ ಮಾಡುವುದು ಅದಕ್ಕೆ. ಅರ್ಧ ಪಿಕ್ಸೆಲ್ಲಿನಲ್ಲಿ ಒಂದು ಕಡೆಗೆ ಓರೆ, ಇನ್ನರ್ಧದಲ್ಲಿ ಎದುರು ಕಡೆಗೆ. ಆಗ ಪಕ್ಕದಿಂದ ನೋಡುವಾಗ ಒಂದರ್ಧ ನೀಲಿಗೆ ವಾಲಿದರೆ ಇನ್ನೊಂದು ಹಳದಿಗೆ ವಾಲಿ ಸರಿಹೋಗುತ್ತದೆ. ಚೌಕ ತುದಿಯಲ್ಲಿ ಕ್ಷೇತ್ರ ದಿಕ್ಕು ತಪ್ಪಿ ಅಣುಗಳನ್ನು ಉಲ್ಟಾ ಹೊರಳಿಸುತ್ತದೆ. ಸರಿ ಹೊರಳಿದ್ದೂ ಉಲ್ಟಾ ಹೊರಳಿದ್ದೂ ಸಂಧಿಸುವ ಕಡೆ ಒಂದು ಕಪ್ಪು ಎಳೆ ಹುಟ್ಟುತ್ತದೆ. ಪರದೆಯನ್ನು ಬೆರಳಿನಿಂದ ಒತ್ತಿದರೆ ಆ ಎಳೆ ತುದಿಯಿಂದ ಪಿಕ್ಸೆಲ್ಲಿನ ನಡುವಿಗೆ ಸರಿದು, ಕೈ ತೆಗೆದರೂ ವಾಪಸು ಹೋಗದೆ ಕೂರಬಹುದು. ಗೆರೆಯ ತುದಿಯನ್ನು ಇನ್ನಷ್ಟು ಬಾಗಿಸಿ ಕೊಕ್ಕೆ ಮಾಡಿದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಒಳ್ಳೆಯ ಫೋನಿನ ಎಲ್‌ಸಿಡಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡು, ಕೊಕ್ಕೆ ಕಾಣಬಹುದು. ಪಠ್ಯಪುಸ್ತಕದಲ್ಲಿ ಅದಕ್ಕೆ ಅರ್ಧ ಸಾಲೂ ಇರಲಾರದು. ಹಾಕಿದವರು ಒತ್ತಿ ಒತ್ತಿ ನೋಡಿ ಕಲಿತಿದ್ದು.

ಕೈಕೆಲಸವನ್ನು ಕೀಳಾಗಿ ನೋಡಬೇಡ ಮಗು. ಪಾರದರ್ಶಕ ಎಲೆಕ್ಟ್ರೋಡಾಗುವ ಐಟಿಒ ಲೇಪ ಗಾಜಿನ ಯಾವ ಮುಖಕ್ಕಿದೆ ಅಂತ ಮಲ್ಟಿಮೀಟರಿನ ಎರಡು ತುದಿ ತಾಗಿಸಿ ನೋಡದೆ ಕೆಲಸ ಶುರುಮಾಡಬಾರದು. ಲೇಪದ ಗಾಜನ್ನು ಅಂಚಿನಲ್ಲಿ ಹಿಡಿ, ನಡುವಿಗೆ ಬೆರಳು ಹಾಕಬೇಡ. ಆಸಿಡ್ಡು ರೆಸಿಸ್ಟಿನ ಅಡಿಗೂ ನುಗ್ಗಿ ತಿನ್ನುತ್ತದೆ, ಹಾಗಾಗಿ ಮಾಸ್ಕಿನಲ್ಲಿ ನಾಲ್ಕು ಮೈಕ್ರಾನ್ ಬರೆದರೆ ಗಾಜಿನ ಮೇಲೆ ನಾಲ್ಕು ಉಳಿಯುವುದಿಲ್ಲ. ಎಷ್ಟು ಉಳಿಯುತ್ತದೆ ಅನ್ನುವುದು ನಿನ್ನ ಗೈಡಿಗಿಂತ ಎಚ್ಚಿಂಗ್ ಬೆಂಚಿನ ಮುಂದೆ ದಿನವಿಡೀ ನಿಲ್ಲುವ ಟೆಕ್ನಿಷಿಯನ್‌ಗೆ ಚೆನ್ನಾಗಿ ಗೊತ್ತು. ಅವರನ್ನು ಸಾರ್ ಅಂತ ಕರೆದು, ಕಾಫಿ ಕುಡಿಸಿ ಕೇಳು.

ಪಿಕ್ಸೆಲ್ ಬಿಟ್ಟು ಹೊರಗಿನ ತಂತಿಗಳಿಗೆ ಬಾ. 4ಕೆ ಪರದೆಯಲ್ಲಿ 2160 ಸಾಲು. ಸೆಕೆಂಡಿಗೆ 60 ಸಲ ಚಿತ್ರ ಬದಲಾದರೆ ಒಂದೊಂದು ಸಾಲಿಗೆ ಸಿಗುವುದು 8 ಮೈಕ್ರೋಸೆಕೆಂಡಿಗೂ ಕಡಿಮೆ. 120 ಸಲ ಅಂದರೆ ಅದರಲ್ಲೂ ಅರ್ಧ. ಅಷ್ಟರಲ್ಲಿ ಸಂಕೇತ ಈ ತುದಿಯಿಂದ ಆ ತುದಿಗೆ ಮುಟ್ಟಬೇಕು. ತಂತಿಯ ರೋಧ ಹೆಚ್ಚಾದರೆ ದೂರದ ಪಿಕ್ಸೆಲ್ಲುಗಳು ಹೊಟ್ಟೆ ತುಂಬದೆ ಉಳಿಯುತ್ತವೆ. ಅದಕ್ಕೇ ದೊಡ್ಡ ಪ್ಯಾನೆಲ್ಲುಗಳು ಅಲ್ಯುಮಿನಿಯಮ್ ಬಿಟ್ಟು ತಾಮ್ರಕ್ಕೆ ಹೋದವು. ತಾಮ್ರ ಗಾಜಿಗೆ ಸರಿಯಾಗಿ ಅಂಟುವುದಿಲ್ಲ, ಅಡಿಗೆ ಮಾಲಿಬ್ಡಿನಮ್ಮೋ ಟೈಟಾನಿಯಮ್ಮೋ ಬೇಕು. ಒಂದು ಸರಿಮಾಡಲು ಹೋದರೆ ಇನ್ನೊಂದು ಕೈಹಿಡಿದು ಬರುತ್ತದೆ.

ಹೊಸ ವಸ್ತು ಬೇಡವೇ ಬೇಡ ಅನ್ನುತ್ತಿಲ್ಲ. ಐಟಿಒದಲ್ಲಿ ಬಹುಪಾಲು ಇಂಡಿಯಮ್ ಆಕ್ಸೈಡು, ಇಂಡಿಯಮ್ ಸಿಗುವುದು ಹೆಚ್ಚಾಗಿ ಸತುವಿನ ಗಣಿಗಾರಿಕೆಯ ಉಪೋತ್ಪನ್ನವಾಗಿ. ಲೇಪ ಬಗ್ಗಿಸಿದರೆ ಬಿರಿಯುತ್ತದೆ. ದಾರಿ ಹುಡುಕಬೇಕಾದ್ದೇ. ನಮ್ಮ ಬೆಂಗಳೂರಿನಲ್ಲೇ ಹುಡುಕಿದ್ದಾರೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಜಿ.ಯು. ಕುಲಕರ್ಣಿಯವರ ತಂಡ ಏನು ಮಾಡಿತು ಗೊತ್ತೇ? ಲೇಪವೊಂದನ್ನು ಹಚ್ಚಿ ಒಣಗಿ ಬಿರುಕು ಬಿಡಲು ಬಿಟ್ಟರು. ಬಿರುಕುಗಳೊಳಗೆ ಲೋಹ ಇಳಿಸಿ, ಲೇಪ ತೊಳೆದರು. ಉಳಿದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಬಲೆ. ಬೆಳಕು ದಾಟುತ್ತದೆ, ವಿದ್ಯುತ್ತೂ ಹರಿಯುತ್ತದೆ. ಪಿಕ್ಸೆಲ್ಲಿನೊಳಗಿನ ನಾಲ್ಕು ಮೈಕ್ರಾನ್ ಗೆರೆಗೆ ಆ ಬಲೆ ಒಗ್ಗದು ಅಂತ ನನ್ನ ಎಣಿಕೆ. ವಿಶಾಲವಾದ ಪಾರದರ್ಶಕ ಹಾಸಿಗೆ ಬೇಕಾದ ಕಡೆ ಅದು ಬಲು ಚೆನ್ನ. ಬಿರುಕು ಕಂಡೊಡನೆ ತಟ್ಟೆ ಬಿಸಾಡುವವರು ನೂರು ಜನ. ಇವರು ಬಗ್ಗಿ ನೋಡಿದರು.

ಈಗ ಕೆಲಸಕ್ಕೆ ಬಾ. ಮುಂದಿನ ಮಾಸ್ಕ್ ಆರ್ಡರ್ ಮಾಡುವ ಮೊದಲು ನಿನ್ನ ಪ್ರೀತಿಯ ಡಿಸೈನ್ ಒಂದನ್ನೇ ತುಂಬಿಸಿ ಕಳಿಸಬೇಡ. ಒಂದು ಮೂಲೆಯಲ್ಲಿ ಎರಡೂವರೆ, ಮೂರು, ಮೂರೂವರೆ, ನಾಲ್ಕು ಮೈಕ್ರಾನ್ ಅಗಲದ ಗೆರೆಗಳ ಸಾಲು ಹಾಕು. ಅದರ ಪಕ್ಕ ಚೌಕ ತುದಿಯದ್ದೊಂದು, ಕೊಕ್ಕೆಯದ್ದೊಂದು. ಒಂದೇ ಗಾಜು, ಒಂದೇ ಆಸಿಡ್ಡು, ಒಂದೇ ದಿನ. ಆಗ ವ್ಯತ್ಯಾಸ ಗೆರೆಯದ್ದೋ ನಿನ್ನ ಕೈಯದ್ದೋ ಅಂತ ವಾದ ಬರುವುದಿಲ್ಲ. ಅಳೆದದ್ದನ್ನು ಅವತ್ತೇ ನೋಟ್‌ಬುಕ್ಕಿನಲ್ಲಿ ಬರೆ, ಕೆಟ್ಟು ಬಂದದ್ದನ್ನೂ ಬಿಡದೆ. ಆಮೇಲೆ ನನಗೆ ಚಿತ್ರ ಕಳಿಸು. ಬೆಳಗಿದ ಪಿಕ್ಸೆಲ್ಲಿನ ಚಿತ್ರ ಎಲ್ಲರೂ ಕಳಿಸುತ್ತಾರೆ. ವೋಲ್ಟೇಜು ಸೊನ್ನೆ ಇದ್ದಾಗ ಅಂಚಿನಲ್ಲಿ ಎಷ್ಟು ಬೆಳಕು ಸೋರುತ್ತಿದೆ, ಅದನ್ನು ಮೊದಲು ಕಳಿಸು. ಭಾನುವಾರ ಕೂತು ಮಾತಾಡೋಣ.